ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್: ಆ ಭಯದ ಹಿಂದೆ ಇದ್ದದ್ದು ಒಂದು ಪ್ರೋಟೀನ್

ಬೀದಿನಾಯಿಗಳ ಬಗ್ಗೆ 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದಾಗ ದೇಶವೇ ಎರಡು ಬಣವಾಯಿತು. ನಾಯಿಕಡಿತದ ಮಾತು ಬಂದಾಗೆಲ್ಲ ನಮ್ಮಲ್ಲಿ ಒಂದು ಹಳೆಯ ಮಾತೂ ಬರುತ್ತೆ: ‘ನಾಯಿ ಕಚ್ಚಿದ್ರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್.’ ಆ ಲಸಿಕೆಯ ತಯಾರಿಕೆ ಭಾರತದಲ್ಲಿ 2004ರ ಕೊನೆಗೇ ನಿಂತಿದೆ. ಭಯ ಮಾತ್ರ ಇನ್ನೂ ಹೋಗಿಲ್ಲ.

ಆ ಭಯವನ್ನು ಜನರ ಅಜ್ಞಾನ ಅಂತ ತಳ್ಳಿಹಾಕುವುದು ಸುಲಭ. ಆದರೆ ಅದಕ್ಕೆ ಕಾರಣ ಇತ್ತು. ಸೂಜಿಯ ನೋವಿನ ಜೊತೆಗೆ, ಲಸಿಕೆ ಪಡೆದ ಕೆಲವರ ಕೈಕಾಲು ಸ್ವಾಧೀನ ತಪ್ಪುತ್ತಿತ್ತು. ಯಾಕೆ ಅಂತ ತಿಳಿಯಬೇಕಾದರೆ ಮೈಲಿನ್ ಅನ್ನುವ ವಸ್ತುವಿನ ಬಗ್ಗೆ ತಿಳಿಯಬೇಕು.

ಮೈಲಿನ್ ಅಂದರೇನು?

ನಮ್ಮ ನರತಂತುಗಳ ಮೇಲೆ ಪದರ ಪದರವಾಗಿ ಸುತ್ತಿಕೊಂಡಿರುವ ಕವಚವೇ ಮೈಲಿನ್. ಒಣತೂಕದಲ್ಲಿ ಅದರ ಮುಕ್ಕಾಲು ಭಾಗದಷ್ಟು ಕೊಬ್ಬು, ಉಳಿದದ್ದು ಪ್ರೋಟೀನ್. ಕವಚದ ನಡುನಡುವೆ ಸಣ್ಣ ಸಂದುಗಳಿರುತ್ತವೆ. ನರದ ಸಂಕೇತ ಒಂದು ಸಂದಿನಿಂದ ಇನ್ನೊಂದಕ್ಕೆ ಜಿಗಿಯುತ್ತಾ ಸಾಗುತ್ತದೆ. ಕವಚ ಇಲ್ಲದ ತಂತುವಿನಲ್ಲಿ ಸಂಕೇತದ ವೇಗ ಸೆಕೆಂಡಿಗೆ ಸುಮಾರು 1 ಮೀಟರ್. ದಪ್ಪ ಕವಚದ ತಂತುವಿನಲ್ಲಿ 100 ಮೀಟರ್‌ವರೆಗೂ ಹೋಗುತ್ತದೆ.

ಈ ಪದರಗಳು ಬಿಚ್ಚಿಕೊಳ್ಳದಂತೆ ಹಿಡಿದಿಡುವುದು ಪ್ರೋಟೀನ್‌ಗಳ ಕೆಲಸ. ಮಿದುಳು ಮತ್ತು ಬೆನ್ನುಹುರಿಯಲ್ಲಿ ಇದಕ್ಕೆ ಮುಖ್ಯವಾಗಿ ಬೇಕಾದದ್ದು ಮೈಲಿನ್ ಬೇಸಿಕ್ ಪ್ರೋಟೀನ್, ಚಿಕ್ಕದಾಗಿ ಎಂಬಿಪಿ. ಧನ ವಿದ್ಯುದಂಶ ಇರುವ ಈ ಪ್ರೋಟೀನ್, ಋಣ ವಿದ್ಯುದಂಶ ಇರುವ ಎರಡು ಪೊರೆಗಳ ನಡುವೆ ಅಂಟಿನ ಹಾಗೆ ಕೂರುತ್ತದೆ. ಕವಚ ಹಾಳಾದರೆ ಸಂಕೇತ ನಿಧಾನವಾಗುತ್ತೆ, ಇಲ್ಲವೇ ದಾರಿಯಲ್ಲೇ ನಿಂತುಹೋಗುತ್ತೆ. ದೃಷ್ಟಿ ಮಂಜಾಗುವುದು, ಕಾಲು ಜೋಮು ಹಿಡಿಯುವುದು, ಮೂತ್ರದ ಮೇಲೆ ಹಿಡಿತ ತಪ್ಪುವುದು ಎಲ್ಲಾ ಆಗ ಶುರು.

ಕುರಿಯ ಮಿದುಳಿನ ಲಸಿಕೆ

ರೇಬೀಸ್ ವೈರಸ್ ಚೆನ್ನಾಗಿ ಬೆಳೆಯುವುದು ನರದ ಅಂಗಾಂಶದಲ್ಲಿ. 1885ರಲ್ಲಿ ಲೂಯಿ ಪಾಶ್ಚರ್ ಮೊಲದ ಬೆನ್ನುಹುರಿಯಿಂದ ಲಸಿಕೆ ಮಾಡಿದ್ದು ಅದಕ್ಕೇ. 1911ರಲ್ಲಿ ಹಿಮಾಚಲದ ಕಸೌಲಿಯಲ್ಲಿ ಡೇವಿಡ್ ಸೆಂಪಲ್, ವೈರಸ್ ಬೆಳೆಸಿದ ಮಿದುಳನ್ನು ಅರೆದು ಫೀನಾಲ್‌ನಿಂದ ವೈರಸ್ ಸಾಯಿಸುವ ವಿಧಾನ ಕಂಡುಹಿಡಿದರು. ಅಗ್ಗ, ಸರಳ. ಮುಂದೆ ಕುರಿಯ ಮಿದುಳಿನಿಂದ ದೊಡ್ಡ ಪ್ರಮಾಣದಲ್ಲಿ ತಯಾರಾದ ಈ ಲಸಿಕೆ, ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯೂ ಸೇರಿ ಹಲವು ಕಡೆಯಿಂದ ದೇಶದ ಸರ್ಕಾರಿ ಆಸ್ಪತ್ರೆಗಳಿಗೆ ಹೋಯಿತು. ಅದು ಲಕ್ಷಾಂತರ ಜನರ ಪಾಲಿಗೆ ಇದ್ದ ಒಂದೇ ಆಸರೆ ಅನ್ನುವುದನ್ನೂ ಮರೆಯಬಾರದು. ಯಾಕಂದ್ರೆ ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್ ಹೆಚ್ಚುಕಡಿಮೆ ಖಚಿತ ಸಾವು.

ಆದರೆ ಸತ್ತ ವೈರಸ್ ಜೊತೆ ಕುರಿಯ ಮೈಲಿನ್ ಕೂಡ ಮನುಷ್ಯನ ದೇಹ ಸೇರುತ್ತಿತ್ತು, ಅದೂ ದಿನಾ ಒಂದೊಂದರಂತೆ ಏಳರಿಂದ ಹದಿನಾಲ್ಕು ದಿನ. ಕುರಿಯ ಎಂಬಿಪಿಗೂ ನಮ್ಮದಕ್ಕೂ ಬಹಳ ಹೋಲಿಕೆ ಇದೆ. ಹಾಗಾಗಿ ಕೆಲವರಲ್ಲಿ ಕುರಿಯ ಪ್ರೋಟೀನ್ ವಿರುದ್ಧ ಎದ್ದ ರೋಗನಿರೋಧಕ ಪಡೆ, ಅವರದೇ ಮಿದುಳು-ಬೆನ್ನುಹುರಿಯ ಮೈಲಿನ್ ಮೇಲೂ ಬೀಳುತ್ತಿತ್ತು. ಕಚ್ಚಿದ ನಾಯಿಗೆ ರೇಬೀಸ್ ಇಲ್ಲದಿದ್ದರೂ ಲಸಿಕೆಯಿಂದಲೇ ಪಾರ್ಶ್ವವಾಯು ಬಂದವರಿದ್ದರು. ಕೆಲವರು ಚೇತರಿಸಿಕೊಂಡರು, ಕೆಲವರಿಗೆ ಅಂಗವೈಕಲ್ಯ ಉಳಿಯಿತು, ಕೆಲವರು ಸತ್ತರು.

ಗೊತ್ತಿದ್ದೂ ಯಾಕೆ ಮುಂದುವರಿಯಿತು?

ಇದು ಹೊಸದಾಗಿ ಗೊತ್ತಾದ ವಿಷಯವೇನಲ್ಲ. 1930ರ ದಶಕದಲ್ಲೇ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಥಾಮಸ್ ರಿವರ್ಸ್ ಮತ್ತು ಸಂಗಡಿಗರು, ವೈರಸ್ಸೇ ಇಲ್ಲದ ಮೊಲದ ಮಿದುಳಿನ ಸಾರವನ್ನು ಕೋತಿಗಳಿಗೆ ಪದೇ ಪದೇ ಚುಚ್ಚಿದರು. ಕೆಲವು ಕೋತಿಗಳ ಮೈಲಿನ್ ನಾಶವಾಯಿತು. 1950ರ ದಶಕದಲ್ಲಿ ಲ್ಯಾಟಿನ್ ಅಮೆರಿಕದಲ್ಲಿ, ಮೈಲಿನ್ ಇನ್ನೂ ಸರಿಯಾಗಿ ಮೂಡಿರದ ಇಲಿಮರಿಗಳ ಮಿದುಳಿನಿಂದ ಲಸಿಕೆ ಮಾಡಲಾಯಿತು. 1970ರ ದಶಕದಲ್ಲಿ ನರದ ಅಂಗಾಂಶವೇ ಬೇಡದ, ಜೀವಕೋಶಗಳಲ್ಲಿ ಬೆಳೆಸುವ ಲಸಿಕೆ ಬಂತು. 1984ರಿಂದ ವಿಶ್ವ ಆರೋಗ್ಯ ಸಂಸ್ಥೆ ನರಾಂಗಾಂಶದ ಲಸಿಕೆ ನಿಲ್ಲಿಸಿ ಅನ್ನುತ್ತಲೇ ಇತ್ತು. 1987ರಲ್ಲಿ ಥಾಯ್ಲೆಂಡ್‌ನ ಸಂಶೋಧಕರು, ಸೆಂಪಲ್ ಲಸಿಕೆಯಿಂದ ನರದ ತೊಂದರೆಗೆ ಒಳಗಾದವರಲ್ಲಿ ಎಂಬಿಪಿ ವಿರುದ್ಧದ ಪ್ರತಿಕಾಯಗಳಿರುವುದನ್ನು ತೋರಿಸಿದರು.

ಭಾರತ ನಿಲ್ಲಿಸಿದ್ದು 2004ರಲ್ಲಿ. ನಡುವಿನ ಎರಡು ದಶಕ ಏನಾಯಿತು? ಹೊಸ ಲಸಿಕೆ ಮಾರುಕಟ್ಟೆಯಲ್ಲಿತ್ತು, ದುಡ್ಡಿದ್ದವರು ಕೊಂಡು ಹಾಕಿಸಿಕೊಂಡರು. ಇಲ್ಲದವರು ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತು ಹೊಟ್ಟೆ ಒಡ್ಡಿದರು. ಒಂದೇ ಊರು, ಒಂದೇ ನಾಯಿ, ಆದರೆ ಯಾರ ನರಕ್ಕೆ ಅಪಾಯ ಅನ್ನುವುದನ್ನು ಜೇಬು ತೀರ್ಮಾನಿಸುತ್ತಿತ್ತು. ಹೊಸ ಲಸಿಕೆಯನ್ನು ಚರ್ಮದೊಳಗೆ ಸ್ವಲ್ಪವೇ ಪ್ರಮಾಣದಲ್ಲಿ ಕೊಟ್ಟು ಖರ್ಚು ಇಳಿಸುವ ವಿಧಾನಕ್ಕೆ ನಮ್ಮಲ್ಲಿ ಒಪ್ಪಿಗೆ ಸಿಕ್ಕಿದ್ದು 2006ರಲ್ಲಿ.

ಲಸಿಕೆಯಿಂದಾಚೆ

ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಯಾವ ಲಸಿಕೆಯೂ ಇಲ್ಲದೆ ದೇಹ ತನ್ನ ಮೈಲಿನ್ ಮೇಲೆ ತಾನೇ ದಾಳಿ ಮಾಡುತ್ತದೆ. ರಿವರ್ಸ್ ಅವರ ಕೋತಿಗಳಿಂದ ಶುರುವಾದ ಪ್ರಯೋಗದ ಹಾದಿಯೇ ಇದರ ಔಷಧಗಳಿಗೂ ದಾರಿಯಾಯಿತು. ಇಸ್ರೇಲ್‌ನ ವೈಜ್‌ಮನ್ ಸಂಸ್ಥೆಯಲ್ಲಿ ಎಂಬಿಪಿಯನ್ನು ಅನುಕರಿಸಿ, ಪ್ರಾಣಿಗಳಲ್ಲಿ ರೋಗ ತರಿಸಲೆಂದು ಮಾಡಿದ ವಸ್ತು ರೋಗ ತಡೆಯಿತು. ಗ್ಲಾಟಿರಮರ್ ಹೆಸರಿನಲ್ಲಿ ಅದಕ್ಕೆ ಅಮೆರಿಕದಲ್ಲಿ 1996ರಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ ಈ ಕಾಯಿಲೆ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಗೆ ಸೇರಿದ್ದು 2016ರಲ್ಲಿ.

ಈಗ ಏನು ಮಾಡಬೇಕು?

ಇವತ್ತಿನ ರೇಬೀಸ್ ಲಸಿಕೆಯಲ್ಲಿ ಕುರಿಯ ಮಿದುಳಿಲ್ಲ. ಅದನ್ನು ಜೀವಕೋಶಗಳಲ್ಲಿ ಬೆಳೆಸಿ ಶುದ್ಧಗೊಳಿಸಿರುತ್ತಾರೆ. ಹೊಟ್ಟೆಗಲ್ಲ, ತೋಳಿಗೆ ಕೊಡುತ್ತಾರೆ. ಚರ್ಮದೊಳಗಿನ ವಿಧಾನದಲ್ಲಿ ಕಚ್ಚಿದ ದಿನ, ನಂತರ 3, 7 ಮತ್ತು 28ನೇ ದಿನ, ಒಟ್ಟು ನಾಲ್ಕು ಭೇಟಿ. ಕಚ್ಚಿದ ತಕ್ಷಣ ಗಾಯವನ್ನು ಸೋಪು, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಗಾಯ ಆಳವಾಗಿದ್ದರೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕು. ಅದು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇದೆಯಾ ಅಂತ ಕೇಳಿ, ಇಲ್ಲದಿದ್ದರೆ ಯಾಕಿಲ್ಲ ಅಂತಲೂ ಕೇಳಿ.

ಹಳೆ ಭಯಕ್ಕೆ ಹೆದರಿ ನಾಟಿ ಔಷಧಿಗೆ ಓಡುವವರಿಗೆ ‘ಅದೆಲ್ಲ ಸುಳ್ಳು’ ಅಂದರೆ ಅವರು ನಂಬುವುದಿಲ್ಲ. ಅವರ ಮನೆಯಲ್ಲೇ ಯಾರೋ ಕಾಲು ಕಳೆದುಕೊಂಡಿರಬಹುದು. ಆಗ ಆಗಿದ್ದು ನಿಜ, ಈಗ ಲಸಿಕೆಯೇ ಬೇರೆ ಅಂತ ಹೇಳೋಣ.