ಸಂಪಿಗೆ ಮರದ ಮನೆ

ನಿಮ್ಮ ತವರೂರಿನ ಬೀದಿಗಳಲ್ಲಿ ನೀವು ಕಡೆಯ ಸಲ ನಡೆದಾಡಿದ್ದು ಯಾವಾಗ? ಮದುವೆ ಮುಂಜಿಗೆಂದು ಹೋಗಿ, ಛತ್ರದ ಬಾಗಿಲಲ್ಲಿ ಆಟೋ ಇಳಿದು, ಊಟ ಮುಗಿಸಿ, ತಾಂಬೂಲದ ಚೀಲ ಹಿಡಿದು ಮತ್ತೆ ಆಟೋ ಹತ್ತಿದ್ದನ್ನು ಲೆಕ್ಕಕ್ಕೆ ತರಬೇಡಿ. ನಾನು ಕೇಳುತ್ತಿರುವುದು ನಡೆದದ್ದನ್ನು. ಒಂದು ತಿರುವು, ಒಂದು ಅಂಗಡಿ, ಒಂದು ಮನೆಯನ್ನೂ ಬಿಡದೆ, ನಿಂತು ನೋಡಿ ನಡೆದದ್ದನ್ನು.

ಈ ಪ್ರಶ್ನೆಯನ್ನು ಯಾರಾದರೂ ನನಗೇ ಕೇಳಿದ್ದರೆ, 2025ರ ಶ್ರಾವಣದವರೆಗೆ ನಾನು ತಲೆ ತಗ್ಗಿಸಬೇಕಾಗಿತ್ತು.

ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಮಲ್ಲೇಶ್ವರದಲ್ಲಿ. 1977ರಲ್ಲಿ ಮದುವೆಯಾಗಿ ಹಾಸನ ಸೇರಿದೆ. ಅಮ್ಮ ಇರುವವರೆಗೆ ವರ್ಷಕ್ಕೆ ಎರಡು ಸಲ ತವರಿಗೆ ಹೋಗುವುದು ತಪ್ಪುತ್ತಿರಲಿಲ್ಲ. ಅಮ್ಮ 2008ರಲ್ಲಿ ಹೋದರು. 2011ರಲ್ಲಿ ಮನೆ ಬಿಲ್ಡರ್ ಕೈಗೆ ಹೋಯಿತು. ಅಲ್ಲಿಂದಾಚೆಗೆ ನಮ್ಮ ಬೀದಿಗೆ ನಾನು ಕಾಲಿಟ್ಟಿರಲಿಲ್ಲ. ಆದರೆ ನೆರೆಹೊರೆಯವರ ಮುಂದೆ ಮಾತ್ರ, "ಅಯ್ಯೋ, ಆ ಮಲ್ಲೇಶ್ವರ ಈಗ ನೋಡೋ ಹಾಗೇ ಇಲ್ಲ ಕಣ್ರೀ" ಎಂದು ಹೇಳುತ್ತಲೇ ಇದ್ದೆ. ನೋಡದೆಯೇ!

ಈ ಸಲ ಹೋಗುವ ಮನಸ್ಸು ಬಂದದ್ದಕ್ಕೆ ಕಾರಣ ನನ್ನ ಮಗ. ಹಾಸನದ ನಮ್ಮ ಮನೆಯ ಮುಂದೆ ನಾನು ಬೆಳೆಸಿದ ಒಂದು ಸಂಪಿಗೆ ಮರವಿದೆ. ತಂಗಿಯ ಮಗಳ ಮದುವೆಗೆ ಬಟ್ಟೆ ಜೋಡಿಸುತ್ತಿದ್ದಾಗ ಮಗ ಬಂದು ಮಂಚದ ತುದಿಯಲ್ಲಿ ಕೂತ. "ಅಮ್ಮಾ, ಕಾರು ತಗೊಳ್ಳೋಣ ಅಂತಿದೀವಿ. ನಿಲ್ಲಿಸೋಕೆ ಬೇರೆ ಜಾಗ ಇಲ್ಲ. ಈ ಮರದ ವಿಷಯ ಏನ್ಮಾಡೋಣ?" ಎಂದ.

ನನ್ನ ಕೈಯಲ್ಲಿದ್ದ ಸೀರೆ ಅಲ್ಲೇ ನಿಂತಿತು. ಇದೇ ಮಾತನ್ನು ಹಿಂದೊಮ್ಮೆ ನಾನು ಕೇಳಿದ್ದೆ. "ಮದುವೆ ಮುಗಿಸ್ಕೊಂಡು ಬಂದು ಹೇಳ್ತೀನಿ ಕಣೋ" ಎಂದೆ.

ಹೆಸರಿನಲ್ಲಿ ಉಳಿದ ಮರಗಳು

ಮದುವೆಯ ಮರುದಿನ ಬೆಳಿಗ್ಗೆ ತಂಗಿಯ ಮನೆಯಿಂದ ಹೊರಟೆ. ಜಯನಗರದಲ್ಲಿ ಮೆಟ್ರೋ ಹತ್ತಿದರೆ ಬದಲಾಯಿಸುವ ಗೋಜಿಲ್ಲದೆ ನೇರವಾಗಿ ಸಂಪಿಗೆ ರಸ್ತೆ ನಿಲ್ದಾಣ. 2014ರ ಮಾರ್ಚಿನಲ್ಲಿ ಶುರುವಾದ ನಿಲ್ದಾಣವಂತೆ. ರೈಲಿನೊಳಗೆ ಆ ಹೆಸರನ್ನು ಕೂಗಿದಾಗ, ಯಾರೋ ನಮ್ಮಮ್ಮನ ಹೆಸರು ಹಿಡಿದು ಕರೆದಂತಾಯಿತು. ಮೆಟ್ಟಿಲಿಳಿದರೆ ಎದುರಿಗೇ ದೊಡ್ಡ ಮಾಲ್. ಅದು 2010ರಿಂದ ಇದೆ.

ಮಲ್ಲೇಶ್ವರವೂ ಒಂದು ಕಾಲಕ್ಕೆ ಹೊಸ ಬಡಾವಣೆಯೇ ಅಲ್ಲವೇ? 1890ರ ದಶಕದಲ್ಲಿ ಮೈಸೂರು ಸರ್ಕಾರ ನಕ್ಷೆ ಹಾಕಿ ಮಾಡಿಸಿದ ಊರು ಇದು. 1898ರಲ್ಲಿ ಪ್ಲೇಗು ಬಂದಾಗ ಇಕ್ಕಟ್ಟಾದ ಪೇಟೆ ಬಿಟ್ಟ ಎಷ್ಟೋ ಸಂಸಾರಗಳು ಇತ್ತ ಬಂದವು. ನೇರ ಅಡ್ಡರಸ್ತೆಗಳು, ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಮನೆಯ ಮುಂದೆ ಕಾಂಪೌಂಡು, ಕಾಂಪೌಂಡಿನಲ್ಲಿ ಗಿಡ. ಎರಡು ಮುಖ್ಯ ರಸ್ತೆಗಳಿಗಂತೂ ಮರಗಳದೇ ಹೆಸರು. ಒಂದು ಸಂಪಿಗೆ ರಸ್ತೆ. ಇನ್ನೊಂದು ಮಾರ್ಗೋಸಾ ರಸ್ತೆ, ಎಂದರೆ ಬೇವಿನ ಮರದ ರಸ್ತೆ.

ಸಂಪಿಗೆ ರಸ್ತೆಯಲ್ಲಿ ಸಂಪಿಗೆ ಮರ ಹುಡುಕುತ್ತಾ ನಡೆದೆ. ಕತ್ತು ನೋವು ಬಂತೇ ಹೊರತು ಒಂದೂ ಕಣ್ಣಿಗೆ ಬೀಳಲಿಲ್ಲ. ಏಳನೇ ಅಡ್ಡರಸ್ತೆಯಲ್ಲಿ ಹೊರಳಿ ಬೇವಿನ ರಸ್ತೆಗೆ ಹೋದರೆ, ಸಿ.ಟಿ.ಆರ್. ಮುಂದೆ ಬೆಣ್ಣೆ ದೋಸೆಗೆ ಅದೇ ಸಾಲು. ಹುಡುಗಿಯಾಗಿದ್ದಾಗ ಅಪ್ಪನ ಬೆರಳು ಹಿಡಿದು ಕಾದವಳು ಈಗ ಮಂಡಿ ನೋವು ಹಿಡಿದು ಕಾದೆ. ರುಚಿಗೆ ಮೋಸವಿಲ್ಲ.

ಎಂಟನೇ ಅಡ್ಡರಸ್ತೆಯಲ್ಲಿ ಗೌರಿ ಹಬ್ಬದ ವ್ಯಾಪಾರ ಆಗಲೇ ಶುರುವಾಗಿತ್ತು. ಮೊರ, ಬಳೆ, ಬಿಚ್ಚೋಲೆ, ಅರಿಶಿನದ ದಾರ. ಹೂವಿನಾಕೆಯೊಬ್ಬಳು ಬಾಳೆಲೆಯ ಚೂರಿನ ಮೇಲೆ ಐದೈದು ಸಂಪಿಗೆ ಜೋಡಿಸಿಟ್ಟಿದ್ದಳು.

"ಎಲ್ಲಿದಮ್ಮಾ ಹೂವು?"

"ಮಾರ್ಕೆಟ್ಟಿಂದ ತರೋದಮ್ಮಾ. ಇಲ್ಲೆಲ್ಲಿ ಬರುತ್ತೆ?" ಎಂದು ನಕ್ಕಳು. ಅವಳಿಗೇನು ಗೊತ್ತು, ಇಲ್ಲೇ ಒಂದು ಮನೆಯಲ್ಲಿ ಸಂಪಿಗೆ ಹೂವನ್ನು ಕೊಳ್ಳುವುದೆಂದರೆ ಅವಮಾನ ಎಂದುಕೊಂಡಿದ್ದ ಕಾಲವಿತ್ತೆಂದು? ಐದು ಹೂ ಕೊಂಡೆ.

ದೂರುಗಳ ದೊಡ್ಡ ಪಟ್ಟಿಯನ್ನೇ ಮನಸ್ಸಿನಲ್ಲಿ ಹೊತ್ತು ಹೋಗಿದ್ದೆ, ನಿಜ ಹೇಳುತ್ತೇನೆ. ಆದರೆ ಕಾಡು ಮಲ್ಲೇಶ್ವರನ ಗುಡಿ ತಲುಪಿದಾಗ ಪಟ್ಟಿ ಸ್ವಲ್ಪ ಕುಗ್ಗಿತು. ಹದಿನೇಳನೇ ಶತಮಾನದಲ್ಲಿ, ಶಿವಾಜಿಯ ತಮ್ಮ ವೆಂಕೋಜಿಯ ಕಾಲದ ಗುಡಿ ಇದು. ಎದುರಿನ ನಂದಿ ತೀರ್ಥವನ್ನು ನೀವು ನೋಡಿರಬಹುದು. ನಂದಿಯ ಬಾಯಿಂದ ನೀರು ಶಿವಲಿಂಗದ ಮೇಲೆ ಬೀಳುತ್ತದೆ. ನಾವು ಲಂಗ ತೊಟ್ಟು ಓಡಾಡಿದ ಕಾಲದಲ್ಲಿ ಅದೆಲ್ಲ ಮಣ್ಣಿನಡಿ ಮುಚ್ಚಿಹೋಗಿತ್ತು. 1997ರಲ್ಲಿ ಅಗೆದಾಗ ಇಡೀ ಕಲ್ಯಾಣಿ ಹೊರಬಂತು. ನೋಡಿ, ಊರು ಬದಲಾಗುವಾಗ ಕಳೆದುಹೋಗುವುದಷ್ಟೇ ಅಲ್ಲ, ಒಮ್ಮೊಮ್ಮೆ ಸಿಗುವುದೂ ಉಂಟು. ಮೂರು ಹೂವನ್ನು ದೇವರಿಗೆ ಕೊಟ್ಟೆ.

"ಯಾರು ಬೇಕಮ್ಮಾ?"

ಇನ್ನು ನಮ್ಮ ಬೀದಿ. ಕಾಲು ತಾನಾಗಿಯೇ ತಿರುಗಿತು.

ನಮ್ಮದು ಹೆಂಚಿನ ಮನೆ. ಕೆಂಪು ಗಾರೆ ನೆಲ, ಮುಂದೆ ಜಗಲಿ, ಗೇಟಿನ ಬಲಕ್ಕೆ ಅಮ್ಮ ಮದುವೆಯಾಗಿ ಬಂದ ವರ್ಷ ನೆಟ್ಟ ಸಂಪಿಗೆ. ಹಾಲಿನವನಿಗೂ ಅಂಚೆಯವನಿಗೂ ನಮ್ಮದು ನಂಬರಿನ ಮನೆಯಲ್ಲ, ಸಂಪಿಗೆ ಮರದ ಮನೆ. ಮಳೆಗಾಲದ ಬೆಳಗಿನಲ್ಲಿ ಅಮ್ಮ ದೋಟಿ ಹಿಡಿದು ಹೂ ಬಿಡಿಸುತ್ತಿದ್ದರು. ಮೊದಲು ದೇವರಿಗೆ. ಆಮೇಲೆ ಎಣಿಸಿ, ಎಲೆಯಲ್ಲಿ ಸುತ್ತಿ, ಮನೆಗೆ ಎರಡರಂತೆ ಅಕ್ಕಪಕ್ಕದವರಿಗೆ. ಹಂಚಿ ಬರುವ ಕೆಲಸ ನನ್ನದು. ಉಳಿದರೆ ನನ್ನ ಜಡೆಗೆ. ಬಾಡಿದ ಹೂವನ್ನೂ ಎಸೆಯುತ್ತಿರಲಿಲ್ಲ, ಸೀರೆಗಳ ಮಡಿಕೆಯೊಳಗೆ ಹೋಗುತ್ತಿತ್ತು.

ಈಗ ಅಲ್ಲಿ ನಾಲ್ಕು ಅಂತಸ್ತಿನ ಕಟ್ಟಡ. ಚೆನ್ನಾಗಿಯೇ ಕಟ್ಟಿದ್ದಾರೆ. ಬಾಲ್ಕನಿಗಳಲ್ಲಿ ತುಳಸಿ, ದಾಸವಾಳದ ಕುಂಡಗಳು. ಗೇಟಿನ ಬಲಕ್ಕೆ ಕಂಬ, ಕಂಬದ ಪಕ್ಕ ಒಂದು ಬಿಳಿ ಕಾರು. ನಾನು ಕಾರನ್ನೇ ನೋಡುತ್ತಾ ನಿಂತಿದ್ದು ಕಾವಲಿನ ಹುಡುಗನಿಗೆ ಅನುಮಾನ ತರಿಸಿರಬೇಕು.

"ಯಾರು ಬೇಕಮ್ಮಾ?"

ಯಾರು ಬೇಕಿತ್ತು ನನಗೆ? ಉತ್ತರವೇ ಹೊಳೆಯಲಿಲ್ಲ. "ಯಾರೂ ಇಲ್ಲಪ್ಪಾ, ಸುಮ್ನೆ ನೋಡ್ತಿದೀನಿ" ಎಂದೆ. ಅವನಿಗೆ ಏನನ್ನಿಸಿತೋ, ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ನೆರಳಿಗೆ ಎಳೆದು, "ಕೂತ್ಕೊಳ್ಳಿ" ಎಂದ.

ಅಲ್ಲಿ ಕೂತಾಗ, ಇಷ್ಟು ವರ್ಷ ಯಾರಿಗೂ ಹೇಳದ ಮಾತೊಂದು ಎದುರಿಗೆ ಬಂದು ನಿಂತಿತು. ನಿಮಗೆ ಹೇಳಿಬಿಡುತ್ತೇನೆ.

2011ರಲ್ಲಿ ಅಣ್ಣ ಫೋನ್ ಮಾಡಿದ್ದ. "ಪ್ಲಾನ್‌ನಲ್ಲಿ ಪಾರ್ಕಿಂಗ್ ಅಲ್ಲೇ ಬರುತ್ತೆ. ಮರದ ವಿಷಯ ಏನ್ಮಾಡೋಣ?" ಎಂದು ಕೇಳಿದ್ದ. ಕೇಳಬೇಕಾದವರನ್ನೇ ಕೇಳಿದ್ದ. ನಾನು ಆಗ ಒಲೆಯ ಮುಂದೆ ಇದ್ದೆ. "ನಿಂಗೆ ಹೇಗೆ ತೋಚುತ್ತೋ ಹಾಗೆ ಮಾಡಣ್ಣಾ" ಎಂದು ಫೋನ್ ಇಟ್ಟೆ. ನನ್ನ ಪಾಲಿಗೆ ಬಂದ ಹಣದಲ್ಲೇ ಹಾಸನದ ಮನೆಗೆ ಮಹಡಿ ಎದ್ದಿತು. ಕಂಬ ಸ್ವಲ್ಪ ಸರಿಸಬಹುದಿತ್ತೇ, ನಕ್ಷೆ ಬದಲಾಗುತ್ತಿತ್ತೇ, ಮರ ಕಡಿಯಲು ಅನುಮತಿ ಪಡೆದಿದ್ದರೇ, ಒಂದನ್ನೂ ನಾನು ಕೇಳಲಿಲ್ಲ. ಕಡಿಯುವ ಮುನ್ನ ಒಂದು ಹಿಡಿ ಬೀಜ ತೆಗೆದಿಡಿ ಎಂದು ಹೇಳುವಷ್ಟು ಬುದ್ಧಿಯೂ ಹೊಳೆಯಲಿಲ್ಲ.

'ಊರು ಹಾಳಾಯಿತು' ಎನ್ನುತ್ತೇವೆ. ಹಾಳು ಮಾಡಿದವರು ಯಾರೋ ಹೊರಗಿನವರು ಎಂಬಂತೆ ಹೇಳುತ್ತೇವೆ. ನಮ್ಮ ಬೀದಿಯ ಮಟ್ಟಿಗೆ, ಆ ಯಾರೋಗಳಲ್ಲಿ ನಾನೂ ಒಬ್ಬಳು.

ಎಂಟು ವರ್ಷದ ತಪಸ್ಸು

ಆ ಹಾಸನದ ಮರವೂ ಸುಮ್ಮನೆ ಬಂದದ್ದಲ್ಲ. ಮನಸ್ಸಿನ ಚುಚ್ಚು ತಡೆಯಲಾರದೆ 2012ರಲ್ಲಿ ಗುಡಿಯೊಂದರ ಅಂಗಳದಿಂದ ಸಂಪಿಗೆ ಬೀಜ ತಂದೆ. ಒಣಗಿಸಿ ಡಬ್ಬಿಯಲ್ಲಿಟ್ಟು ಯುಗಾದಿಗೆ ಬಿತ್ತಿದೆ. ಒಂದೂ ಮೊಳೆಯಲಿಲ್ಲ. ಮುಂದಿನ ವರ್ಷ ತಂದ ದಿನವೇ ಇಪ್ಪತ್ತು ಬೀಜ ಬಿತ್ತಿದೆ. ತಿಂಗಳು ಕಳೆದ ಮೇಲೆ ಮೂರು ಮೊಳೆತವು, ಒಂದು ಉಳಿಯಿತು.

ಅದು ಹೂ ಬಿಡಲು ಎಂಟು ವರ್ಷ ತೆಗೆದುಕೊಂಡಿತು. ಈ ಎಂಟು ವರ್ಷದಲ್ಲಿ ನಾನು ಕೇಳಿದ ಸಲಹೆಗಳಿಗೆ ಲೆಕ್ಕವಿಲ್ಲ. "ಗೊಡ್ಡು ಮರ, ತೆಗೆಸಿಬಿಡಿ" ಎಂದರು. "ಕಬ್ಬಿಣದ ಮೊಳೆ ಹೊಡೀರಿ" ಎಂದರು. ಮರಕ್ಕೆ ಮೊಳೆ ಹೊಡೆದರೆ ಗಾಯವಾಗುತ್ತದೆ, ಹೂ ಬರುವುದಿಲ್ಲ. ಎಲೆಯನ್ನೆಲ್ಲ ಹುಳು ತಿಂದಾಗ ಔಷಧಿ ತರಲು ಹೊರಟಿದ್ದೆ. ಅಷ್ಟರಲ್ಲಿ ಮೊಮ್ಮಗಳು ಹಸಿರು ಚುಕ್ಕೆಯ ಕಪ್ಪು ಚಿಟ್ಟೆಯೊಂದು ಚಿಗುರಿನ ಮೇಲೆ ಕೂತದ್ದನ್ನು ತೋರಿಸಿದಳು. ಆ ಹುಳು ಈ ಚಿಟ್ಟೆಯ ಮರಿ! ಸುಮ್ಮನಾದೆ. ಮರ ಮತ್ತೆ ಚಿಗುರಿತು.

2021ರ ಮಳೆಗಾಲದ ಒಂದು ಬೆಳಿಗ್ಗೆ ಬಾಗಿಲು ತೆಗೆದಾಗ ಮೊದಲು ವಾಸನೆ ಬಂತು. ಹೂ ಹುಡುಕಲು ಹತ್ತು ನಿಮಿಷ ಹಿಡಿಯಿತು. ಒಂದೇ ಒಂದು.

ನೀವೂ ಸಂಪಿಗೆ ಬೆಳೆಸುವುದಾದರೆ

1. ಕಾಯಿ ಒಡೆದು ಕೆಂಪು ಬೀಜ ಕಾಣಿಸಿದಾಗ ತೆಗೆದುಕೊಳ್ಳಿ. ಮೇಲಿನ ಕೆಂಪು ತಿರುಳನ್ನು ನೀರಿನಲ್ಲಿ ಉಜ್ಜಿ ತೊಳೆದು ತಡಮಾಡದೆ ಬಿತ್ತಿ. ಒಣಗಿಸಿಟ್ಟರೆ ಮೊಳೆಯುವ ಶಕ್ತಿ ಬೇಗ ಹೋಗುತ್ತದೆ.

2. ಕಾಯುವ ತಾಳ್ಮೆ ಇಲ್ಲದವರು ನರ್ಸರಿಯಿಂದ ಕಸಿ ಗಿಡ ತನ್ನಿ. ಎರಡು ಮೂರು ವರ್ಷದಲ್ಲೇ ಹೂ ನೋಡಬಹುದು. ಬೀಜದ ಗಿಡಕ್ಕೆ ಎಂಟು ಹತ್ತು ವರ್ಷ ಬೇಕಾಗಬಹುದು.

3. ಎರಡಡಿ ಉದ್ದ, ಅಗಲ, ಆಳದ ಗುಂಡಿ ತೆಗೆಸಿ. ಮಣ್ಣಿನ ಜೊತೆ ಹಳೆಯ ಕೊಟ್ಟಿಗೆ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ ಬೆರೆಸಿ. ನೀರು ನಿಲ್ಲುವ ಜಾಗ ಬೇಡ, ಬೇರು ಕೊಳೆಯುತ್ತದೆ.

4. ಇದು ಎತ್ತರಕ್ಕೆ ಹೋಗುವ ಮರ. ಗೋಡೆ, ಸಂಪು, ವಿದ್ಯುತ್ ತಂತಿಗಳಿಂದ ಸಾಧ್ಯವಾದಷ್ಟು ದೂರವಿರಲಿ. ನೆಡುವ ದಿನವೇ ಇಪ್ಪತ್ತು ವರ್ಷ ಮುಂದಿನದನ್ನು ಯೋಚಿಸಿ. ನಾನು ಯೋಚಿಸಲಿಲ್ಲ, ಅದಕ್ಕೇ ಈಗ ಕಾರಿನ ಪ್ರಶ್ನೆ!

5. ಮೊದಲ ಎರಡು ಮೂರು ಬೇಸಿಗೆ ಪಾತಿಗೆ ತರಗೆಲೆ ಮುಚ್ಚಿ, ನೀರು ತಪ್ಪಿಸಬೇಡಿ. ಗಾಳಿಗೆ ಒಂದು ಆಸರೆ ಕೋಲಿರಲಿ. ಅಕ್ಕಿ ತೊಳೆದ ನೀರನ್ನೂ ಪಾತಿಗೇ ಸುರಿಯಬಹುದು.

6. ನಮ್ಮ ಕಾಂಪೌಂಡಿನ ಮರವಾದರೂ ಮನಬಂದಂತೆ ಕಡಿಯುವಂತಿಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ 1976ರಿಂದ ಇದೆ. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳನ್ನು ಬಿಟ್ಟರೆ, ನಗರಗಳಲ್ಲಿ ವೃಕ್ಷಾಧಿಕಾರಿಯ ಅನುಮತಿ ಬೇಕು.

ಈ ಸಲದ ಉತ್ತರ

ಹಾಸನಕ್ಕೆ ಬಂದ ಸಂಜೆ ಮಗ ಮತ್ತೆ ಕೇಳಿದ. ನಾನು ಒಲೆ ಆರಿಸಿ ಹೊರಗೆ ಬಂದೆ. "ಅಳತೆ ಟೇಪು ತಗೊಂಡ್ ಬಾ" ಎಂದೆ.

ಅಮ್ಮ ಮಗ ಇಬ್ಬರೂ ಬಗ್ಗಿ, ಎದ್ದು, ಅಳೆದೆವು. ಸೊಸೆ ಕಾಗದದ ಮೇಲೆ ಬರೆದುಕೊಂಡಳು. ಗೇಟನ್ನು ಎಡಕ್ಕೆ ಸರಿಸಿ, ತುಳಸಿಕಟ್ಟೆಯನ್ನು ಹಿತ್ತಲಿಗೆ ಒಯ್ದು, ಬಟ್ಟೆ ಒಗೆಯುವ ಕಲ್ಲು ಕೀಳಿಸಿದರೆ ಚಿಕ್ಕ ಕಾರು ನಿಲ್ಲುತ್ತದೆ. ಬಾಗಿಲು ಒಂದೇ ಕಡೆ ತೆಗೆಯಬೇಕಾದೀತು. ಗಾರೆಯವರ ಖರ್ಚು ಬೇರೆ.

"ಒಂದು ಮರಕ್ಕೆ ಇಷ್ಟೆಲ್ಲಾನಾ ಅಮ್ಮಾ?" ಎಂದ ಮಗ. ಅವನಿಗೆ ಪೂರ್ತಿ ಒಪ್ಪಿಗೆಯಿಲ್ಲ, ಮುಖದಲ್ಲೇ ಗೊತ್ತಾಗುತ್ತಿತ್ತು. ಅವನು ಹೇಳುವುದೂ ಸುಳ್ಳಲ್ಲ. "ಹೂಂ ಕಣಪ್ಪಾ, ಗಾರೆಯವರ ಖರ್ಚು ನನ್ನದು" ಎಂದೆ.

ಮಲ್ಲೇಶ್ವರದಲ್ಲಿ ಕೊಂಡ ಹೂಗಳಲ್ಲಿ ಒಂದನ್ನು ಆ ಕಾವಲಿನ ಹುಡುಗನ ಮೇಜಿನ ಮೇಲಿಟ್ಟು ಬಂದಿದ್ದೆ. ಇನ್ನೊಂದು ಬಾಡಿ ಕಂದಾಗಿ ನನ್ನ ಪರ್ಸಿನಲ್ಲಿತ್ತು. ರಾತ್ರಿ ಮಲಗುವ ಮುಂಚೆ ಅದನ್ನು ಮದುವೆಗೆ ಉಟ್ಟ ಸೀರೆಯ ಮಡಿಕೆಯೊಳಗಿಟ್ಟೆ.

ಮುಂದಿನ ರಜೆಗೆ ನೀವೂ ನಿಮ್ಮ ಊರಿಗೆ ಹೋಗಿ, ನಡೆದು ನೋಡಿ. ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಿ, ಕುಡಿಯುವ ನೀರು ಜೊತೆಗಿರಲಿ. ಮನೆಗೆ ಬಂದ ಮೇಲೆ ಯಾರಾದರೂ "ಈ ಮರದ ವಿಷಯ ಏನ್ಮಾಡೋಣ?" ಎಂದು ಕೇಳಿದರೆ, ದಯವಿಟ್ಟು ಒಲೆಯ ಮುಂದೆ ನಿಂತು ಉತ್ತರ ಹೇಳಬೇಡಿ. ಹೊರಗೆ ಬಂದು, ಮರದ ಕೆಳಗೆ ನಿಂತು ಹೇಳಿ.