ನಿಲ್ಲುವ ಕೆಲಸ

'ಅವನೇನು ಮಾಡುತ್ತಿದ್ದಾನೆ?' ಎಂದು ಕೇಳಿದರೆ, 'ಏನೂ ಇಲ್ಲ, ಸುಮ್ಮನೆ ನಿಂತಿದ್ದಾನೆ' ಎಂದು ಉತ್ತರ ಹೇಳುವುದು ನಮ್ಮಲ್ಲಿ ರೂಢಿ. ನಿಲ್ಲುವುದನ್ನು ಕೆಲಸಗಳ ಪಟ್ಟಿಗೆ ಯಾರೂ ಸೇರಿಸಿದಂತಿಲ್ಲ. ಹಿರಿಯರು ಬಂದರೆ ಎದ್ದು ನಿಲ್ಲುತ್ತೇವೆ. ಮಂಗಳಾರತಿಯ ಹೊತ್ತಿಗೆ ದೇವರ ಮುಂದೆ ನಿಲ್ಲುತ್ತೇವೆ. ತಮ್ಮ ಕಾಲ ಮೇಲೆ ತಾವು ನಿಲ್ಲಬೇಕೆಂದು ಮಕ್ಕಳಿಗೆ ಬುದ್ಧಿ ಹೇಳುತ್ತೇವೆ. ಖರ್ಚಿಲ್ಲದ ಗೌರವ, ಖರ್ಚಿಲ್ಲದ ಉಪದೇಶ. ನನ್ನ ಮಟ್ಟಿಗೆ ಮಾತ್ರ ಕಳೆದ ಕೆಲವು ವರ್ಷಗಳಿಂದ ನಿಲ್ಲುವುದಕ್ಕೆ ಖರ್ಚು ಬೀಳುತ್ತಿದೆ. ಎಷ್ಟು ನಿಮಿಷ ನಿಂತದ್ದಾಯಿತು, ಇನ್ನೆಷ್ಟು ನಿಮಿಷ ಕೈಯಲ್ಲಿದೆ ಎಂದು ಜಿಪುಣನು ಕಾಸು ಎಣಿಸಿದಂತೆ ಎಣಿಸುತ್ತ ದಿನ ಸಾಗಿಸುತ್ತೇನೆ.

ನಾನು ದಾವಣಗೆರೆಯ ಕಡೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕಿ. 2021ರ ಮೇ ತಿಂಗಳಲ್ಲಿ ನನಗೆ ಕೋವಿಡ್ ಜ್ವರ ಬಂತು. ಆಸ್ಪತ್ರೆ ಸೇರುವಷ್ಟೇನೂ ಅಲ್ಲ. ಹತ್ತು ದಿನಕ್ಕೆ ಜ್ವರ ಬಿಟ್ಟಿತು. ಆದರೆ ಹಾಸಿಗೆಯಿಂದ ಎದ್ದವಳಿಗೆ ನೆಲವೇ ಅಪರಿಚಿತವಾಗಿತ್ತು. ಮಲಗಿದ್ದಾಗ ಆರೋಗ್ಯವಂತೆ, ಕುಳಿತಾಗ ಪರವಾಗಿಲ್ಲ, ನಿಂತೊಡನೆ ಎದೆ ಡವಡವನೆ ಹೊಡೆದುಕೊಳ್ಳುವುದು, ಕಣ್ಣಿಗೆ ಮಂಜು ಕವಿಯುವುದು, ಕೈ ನಡುಗುವುದು. ಜ್ವರದ ನಿಃಶಕ್ತಿ ಎಂದರು. ನಿಃಶಕ್ತಿ ಹದಿನೈದು ದಿನವಿರಬಹುದು, ಒಂದು ತಿಂಗಳಿರಬಹುದು. ಎರಡು ವರ್ಷ ಇರುವುದುಂಟೆ?

ನಿಂತಾಗ ಮೈಯೊಳಗೆ ನಡೆಯುವುದೇನು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ರೋಗ ಬರುವವರೆಗೆ ನನಗೂ ಅದು ತಿಳಿದಿರಲಿಲ್ಲ, ತಿಳಿದ ಮೇಲೆ ಆದ ಆಶ್ಚರ್ಯ ಈಗಲೂ ತೀರಿಲ್ಲ. ಮಲಗಿದ ಮನುಷ್ಯ ಎದ್ದು ನಿಂತ ಕೆಲವೇ ಕ್ಷಣಗಳಲ್ಲಿ ಅರ್ಧ ಲೀಟರಿಗೂ ಹೆಚ್ಚು ರಕ್ತ ಎದೆಯ ಭಾಗದಿಂದ ಹೊಟ್ಟೆಗೂ ಕಾಲುಗಳಿಗೂ ಇಳಿಯುತ್ತದೆ. ಇಳಿಜಾರಿನಲ್ಲಿ ನೀರು ಹರಿದಂತೆ; ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಕತ್ತಿನ ರಕ್ತನಾಳದಲ್ಲಿಯೂ ಹೃದಯದಿಂದ ಹೊರಡುವ ಮಹಾಧಮನಿಯಲ್ಲಿಯೂ ಒತ್ತಡವನ್ನು ಅಳೆಯುವ ಕಾವಲುಗಾರರಿದ್ದಾರೆ. ಅವರು ಮೆದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತಾರೆ. ಅಲ್ಲಿಂದ ಆಜ್ಞೆ ಹೊರಟು ಕಾಲಿನ, ಹೊಟ್ಟೆಯ ರಕ್ತನಾಳಗಳು ಬಿಗಿಯುತ್ತವೆ, ಹೃದಯದ ಬಡಿತ ಹತ್ತಿಪ್ಪತ್ತರಷ್ಟು ಏರುತ್ತದೆ, ರಕ್ತ ಮತ್ತೆ ಮೇಲಕ್ಕೆ ಬರುತ್ತದೆ. ಇಷ್ಟೂ ಆಗುವುದು ನಾವು ಪಂಚೆಯನ್ನೋ ಸೀರೆಯ ನೆರಿಗೆಯನ್ನೋ ಸರಿಪಡಿಸಿಕೊಳ್ಳುವಷ್ಟರೊಳಗೆ. ನಮಗೆ ಸುದ್ದಿಯೇ ಇರುವುದಿಲ್ಲ.

ಈ ವ್ಯವಹಾರವನ್ನೆಲ್ಲ ನಡೆಸುವುದು ಸ್ವಾಯತ್ತ ನರವ್ಯೂಹ. ಕೇಂಬ್ರಿಜ್ಜಿನ ಶರೀರವಿಜ್ಞಾನಿ ಲ್ಯಾಂಗ್ಲಿ 1898ರಲ್ಲಿ ಇಟ್ಟ 'ಆಟೊನಾಮಿಕ್' ಎಂಬ ಹೆಸರಿಗೆ ಇದು ಕನ್ನಡ; ತನ್ನ ನಿಯಮವನ್ನು ತಾನೇ ಮಾಡಿಕೊಳ್ಳುವುದು ಎಂದರ್ಥ. ಎದೆಬಡಿತ, ಬೆವರು, ಜೀರ್ಣ, ಕಣ್ಣಿನ ಪಾಪೆ, ಮೈಶಾಖ, ಎಲ್ಲವೂ ಅದರ ಖಾತೆಗೆ ಸೇರಿದ್ದು. ರಾಜಧಾನಿಗೆ ವರದಿ ಒಪ್ಪಿಸದೆ ತನ್ನ ಪಾಡಿಗೆ ಆಡಳಿತ ನಡೆಸುವ ದಕ್ಷ ಪ್ರಾಂತಾಧಿಕಾರಿ. ದಕ್ಷನಾಗಿರುವವರೆಗೆ ಅವನ ಹೆಸರನ್ನೇ ಕೇಳಿರುವುದಿಲ್ಲ. ಕಚೇರಿ ಅಸ್ತವ್ಯಸ್ತವಾದ ಮೇಲೆ ಪ್ರತಿಯೊಂದು ಕಾಗದಕ್ಕೂ ನಾವೇ ರುಜು ಹಾಕಬೇಕು.

ನನ್ನ ಮೈಯಲ್ಲಿ ಆಜ್ಞೆ ಹೊರಡುತ್ತದೆ, ಆದರೆ ಕಾಲಿನ ನಾಳಗಳು ಸರಿಯಾಗಿ ಬಿಗಿಯುವುದಿಲ್ಲ. ರಕ್ತ ಕೆಳಗೇ ನಿಲ್ಲುತ್ತದೆ. ಆ ಕೊರತೆಯನ್ನು ತುಂಬಲು ಹೃದಯ ಓಡತೊಡಗುತ್ತದೆ. ನಾನು ಬಸ್ಸಿಗಾಗಿ ಸುಮ್ಮನೆ ನಿಂತಿರುತ್ತೇನೆ. ನನ್ನ ಹೃದಯ ಬಸ್ಸಿನ ಹಿಂದೆ ಓಡುತ್ತಿರುತ್ತದೆ.

ಇದಕ್ಕೊಂದು ಹೆಸರಿದೆ ಎಂದು ತಿಳಿಯಲು ಎರಡು ವರ್ಷ ಹಿಡಿಯಿತು. ಹೃದಯದ ಪಟ್ಟಿ ತೆಗೆದರು, ಸರಿಯಾಗಿತ್ತು. ರಕ್ತ ಪರೀಕ್ಷೆ ಸರಿಯಾಗಿತ್ತು. ತಲೆಯ ಚಿತ್ರ ಸರಿಯಾಗಿತ್ತು. ಸರಿಯಾದ ಕಾಗದಗಳ ಒಂದು ಕಟ್ಟೇ ಮನೆಯಲ್ಲಿ ಬೆಳೆಯಿತು. ಎಲ್ಲ ಪರೀಕ್ಷೆಗಳಿಗೂ ನನ್ನನ್ನು ಮಲಗಿಸುತ್ತಿದ್ದರು ಅಥವಾ ಕೂರಿಸುತ್ತಿದ್ದರು ಎಂಬುದನ್ನು ಆಗ ಯಾರೂ ಗಮನಿಸಲಿಲ್ಲ. 'ನೋಡಮ್ಮ, ನಿಮಗೆ ಏನೂ ಇಲ್ಲ. ಮನಸ್ಸಿಗೆ ಹಚ್ಚಿಕೊಳ್ಳುತ್ತೀರಿ, ಅಷ್ಟೆ' ಎಂದರು ಒಬ್ಬ ವೈದ್ಯರು. ರೋಗಿಗೆ 'ಏನೂ ಇಲ್ಲ' ಎಂಬ ಮಾತಿಗಿಂತ ಸಂತೋಷದ ಮಾತು ಬೇರೊಂದಿಲ್ಲವೆಂದು ಆರೋಗ್ಯವಂತರು ಭಾವಿಸುತ್ತಾರೆ. ಆ ಮಾತನ್ನು ಕೇಳಿ ಮನೆಗೆ ಬಂದು, ಒಲೆಯ ಮುಂದೆ ನಿಂತು ಹಾಲು ಕಾಯಿಸಲಾರದೆ ನೆಲದ ಮೇಲೆ ಮಲಗಿದವರಿಗೆ ಅದರ ರುಚಿ ಗೊತ್ತು. ಏನಾದರೂ ಇದ್ದಿದ್ದರೆ ರೋಗಿಯಾಗಿರುತ್ತಿದ್ದೆ. ಏನೂ ಇಲ್ಲದ್ದರಿಂದ ಸೋಮಾರಿಯಾದೆ, ಇಲ್ಲವೆ ಸುಳ್ಳುಗಾರ್ತಿಯಾದೆ. ನಮ್ಮ ಅತ್ತೆಯವರು ಮಾತ್ರ ನಾನು ಸುಳ್ಳು ಹೇಳುತ್ತಿದ್ದೇನೆಂದು ಒಂದು ದಿನವೂ ಎಣಿಸಲಿಲ್ಲ. ಅವರ ನಿದಾನ ದೃಷ್ಟಿ ತಾಗಿದೆಯೆಂಬುದು. ವಾರಕ್ಕೊಮ್ಮೆ ಹಿಡಿ ಉಪ್ಪು ನಿವಾಳಿಸಿ ನೀರಿಗೆ ಹಾಕುತ್ತಿದ್ದರು. ಆ ಉಪ್ಪುನೀರನ್ನು ಚೆಲ್ಲದೆ ಹದವಾಗಿ ನನಗೇ ಕುಡಿಸಿದ್ದರೆ ವೈದ್ಯಶಾಸ್ತ್ರಕ್ಕೆ ಬಹಳ ಸಮೀಪದಲ್ಲಿರುತ್ತಿತ್ತು!

2023ರಲ್ಲಿ ಕಂಡ ನರರೋಗತಜ್ಞರು ಮಾಡಿದ ಪರೀಕ್ಷೆಗೆ ಯಂತ್ರವೇನೂ ಬೇಕಾಗಲಿಲ್ಲ. ಹತ್ತು ನಿಮಿಷ ಮಲಗಿಸಿ ನಾಡಿ ಎಣಿಸಿದರು, 74. ಬಳಿಕ ಗೋಡೆಗೆ ಒರಗಿ ನಿಲ್ಲಿಸಿ, ಮಾತನಾಡಿಸದೆ, ಕಾಲು ಕದಲಿಸಗೊಡದೆ ನಿಮಿಷ ನಿಮಿಷಕ್ಕೂ ಎಣಿಸಿದರು. ಎರಡನೆಯ ನಿಮಿಷಕ್ಕೆ 103. ಐದಕ್ಕೆ 117. ಹತ್ತಕ್ಕೆ 126. ರಕ್ತದ ಒತ್ತಡ ಮಾತ್ರ ಬೀಳಲಿಲ್ಲ. ನಿಂತ ಹತ್ತು ನಿಮಿಷದೊಳಗೆ, ಒತ್ತಡ ಬೀಳದೆಯೇ, ಬಡಿತ ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಏರಿ ಅಲ್ಲಿಯೇ ನಿಂತರೆ, ಈ ಕಷ್ಟಗಳು ತಿಂಗಳುಗಟ್ಟಲೆ ಮುಂದುವರಿದಿದ್ದರೆ, ಬೇರೆ ಕಾರಣವೂ ಕಾಣದಿದ್ದರೆ, ಅದು ಪೋಸ್ಚುರಲ್ ಆರ್ಥೋಸ್ಟ್ಯಾಟಿಕ್ ಟ್ಯಾಕಿಕಾರ್ಡಿಯ ಸಿಂಡ್ರೋಮ್. ನಿಂತುಕೊಂಡು ಈ ಹೆಸರನ್ನು ಹೇಳಿ ಮುಗಿಸುವುದರೊಳಗೆ ನನ್ನಂಥವರು ಕೂರಬೇಕಾಗುತ್ತದೆ; ಆದ್ದರಿಂದಲೇ ಇರಬೇಕು, 'ಪಾಟ್ಸ್' ಎಂದು ಚುಟುಕಾಗಿ ಕರೆಯುತ್ತಾರೆ. ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು 1993ರಲ್ಲಿ ಈ ಹೆಸರಿನಿಂದ ಅದನ್ನು ವರ್ಣಿಸಿದರು. ರೋಗ ಅದಕ್ಕಿಂತ ಹಳೆಯದಿರಬೇಕು. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಕಂಡ 'ಕೆರಳಿದ ಹೃದಯ'ದ ಬಗೆಗೆ ಡಾ ಕೋಸ್ಟ ಎಂಬ ವೈದ್ಯನು 1871ರಲ್ಲಿ ಬರೆದಿದ್ದಾನೆ. ಅವರಲ್ಲಿ ಕೆಲವರಿಗಾದರೂ ಇದೇ ಇದ್ದಿರಬಹುದೆಂದು ಊಹಿಸುವವರಿದ್ದಾರೆ. ಇಂದು ಹೆಚ್ಚಾಗಿ ಕಾಣುವುದು ಹರೆಯದ ಮತ್ತು ನಡುವಯಸ್ಸಿನ ಹೆಂಗಸರಲ್ಲಿ. ಹಲವರಿಗೆ ಯಾವುದಾದರೂ ಸೋಂಕಿನ ಬೆನ್ನಲ್ಲಿ ಬರುತ್ತದೆ. ಹೆಂಗಸರ ಎದೆಬಡಿತವನ್ನು ಮನಸ್ಸಿನ ಲೆಕ್ಕಕ್ಕೆ ಬರೆಯುವ ಅಭ್ಯಾಸ ಲೋಕಕ್ಕೆ ಇರುವುದರಿಂದ ಹೆಸರು ಸಿಗುವುದು ಇನ್ನಷ್ಟು ತಡ.

ಬೇರುಸಹಿತ ಕೀಳುವ ಔಷಧ ಇಲ್ಲ. ಬಡಿತವನ್ನು ತಗ್ಗಿಸಲು ಪ್ರೊಪ್ರನೊಲಾಲ್ ಅಲ್ಪ ಪ್ರಮಾಣದಲ್ಲಿ ಸೇವಿಸುತ್ತೇನೆ. ಕೆಲವರಿಗೆ ಬೇರೆ ಗುಳಿಗೆಗಳು ಒಗ್ಗುತ್ತವೆ. ಮುಖ್ಯ ಚಿಕಿತ್ಸೆ ನೀರು ಮತ್ತು ಉಪ್ಪು. ದಿನಕ್ಕೆ ಎರಡೂವರೆ ಲೀಟರು ನೀರು, ಹತ್ತು ಗ್ರಾಂ ಉಪ್ಪು. ಉಪ್ಪು ಐದು ಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರುತ್ತಿರುವಾಗ ನನಗೆ ಅದರ ಇಮ್ಮಡಿ ವಿಧಿಯಾಗಿದೆ. ನಮ್ಮ ಮಾವನವರಿಗೆ ರಕ್ತದೊತ್ತಡ. ಒಂದೇ ಪಂಕ್ತಿಯಲ್ಲಿ ಅವರ ಎಲೆಗೆ ಉಪ್ಪಿಲ್ಲದ ಸಾರು, ನನ್ನ ಎಲೆಗೆ ಉಪ್ಪಿನಕಾಯಿ, ಮಜ್ಜಿಗೆ ಮೆಣಸಿನಕಾಯಿ. ಅವರು ನನ್ನ ಎಲೆಯ ಕಡೆ ನೋಡುವ ನೋಟವನ್ನು ವರ್ಣಿಸಲು ಒಳ್ಳೆಯ ಕವಿ ಬೇಕು. (ಈ ಚಿಕಿತ್ಸೆಯನ್ನು ಓದುಗರು ಯಾರೂ ಪತ್ರಿಕೆ ಓದಿ ಆರಂಭಿಸಬಾರದು, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರಿಗೆ ಇದು ವಿಷ.)

ಬೆಳಗ್ಗೆ ಹಾಸಿಗೆಯಲ್ಲಿಯೇ ಅರ್ಧ ಲೀಟರು ನೀರನ್ನು ಗಟಗಟನೆ ಕುಡಿಯುತ್ತೇನೆ. ಮುಂದಿನ ಒಂದು ಗಂಟೆ ನಿಲ್ಲುವುದು ಅಷ್ಟಿಷ್ಟು ಹಗುರ. ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ನೂರು ಎಣಿಸಿ ಏಳುತ್ತೇನೆ. ಸ್ನಾನಕ್ಕೆ ಹಂಡೆಯ ಬಿಸಿನೀರಿನ ಆಸೆ ಬಿಡಬೇಕಾಯಿತು. ಬಿಸಿಗೆ ಚರ್ಮದ ನಾಳಗಳು ಅರಳಿ ಇದ್ದ ರಕ್ತವೂ ದಿಕ್ಕಾಪಾಲಾಗುತ್ತದೆ. ಉಗುರು ಬೆಚ್ಚಗಿನ ನೀರು, ಕೂರಲು ಮಣೆ.

ಮಣೆಯ ಮಾತು ಬಂದದ್ದರಿಂದ ಅಡುಗೆಮನೆಯ ವಿಚಾರ ಹೇಳಲೇಬೇಕು. ನನ್ನ ಅಜ್ಜಿಯ ಅಡುಗೆಮನೆಯಲ್ಲಿ ಎಲ್ಲವೂ ನೆಲದ ಮಟ್ಟದಲ್ಲಿತ್ತು: ಒಲೆ, ಒರಳು, ಈಳಿಗೆಮಣೆ, ಮಜ್ಜಿಗೆ ಕಡೆಯುವ ಕಂಬದ ಬುಡ. ಬೀಸುವುದೂ ಕೂತು, ಹೆಚ್ಚುವುದೂ ಕೂತು, ಬಡಿಸುವುದಕ್ಕೆ ಮಾತ್ರ ಏಳುವುದು. ನಮ್ಮ ತಾಯಿಯ ಕಾಲಕ್ಕೆ ಕಟ್ಟೆ ಬಂತು. ಹೊಗೆ ಹೋಯಿತು, ಬೆನ್ನು ನೆಟ್ಟಗಾಯಿತು, ಅದು ಅಭ್ಯುದಯವೇ ಸರಿ. ಆದರೆ ಆ ಕಟ್ಟೆಯ ಮುಂದೆ ಹೆಣ್ಣು ದಿನಕ್ಕೆ ನಾಲ್ಕು ಗಂಟೆ ನಿಲ್ಲಬಲ್ಲಳು ಎಂಬುದನ್ನು ಕಟ್ಟಿದವರು ಸಿದ್ಧಾಂತವೆಂದೇ ಇಟ್ಟುಕೊಂಡಿದ್ದರು. ನಾನು ಅಟ್ಟದ ಮೇಲಿನ ಈಳಿಗೆಮಣೆಯನ್ನು ಇಳಿಸಿ ತುಕ್ಕು ತೆಗೆಸಿದೆ. ಹುರುಳಿಕಾಯಿ ಈಗ ನೆಲದ ಮೇಲೆ ಹೆಚ್ಚುತ್ತೇನೆ. ಒಗ್ಗರಣೆಗೆ ಮಾತ್ರ ಏಳುವುದು. ಅದು ಒಂದೂವರೆ ನಿಮಿಷದ ಕೆಲಸ.

ಜನಕ್ಕೆ ಅರ್ಥವಾಗದ ಸಂಗತಿ ಒಂದುಂಟು. ನಾನು ನಡೆಯಬಲ್ಲೆ. ಮನೆಯಿಂದ ಕಾಲೇಜಿಗೆ ಎಂಟು ನಿಮಿಷ ನಡೆದೇ ಹೋಗುತ್ತೇನೆ. ಹೆಜ್ಜೆ ಇಟ್ಟಾಗಲೆಲ್ಲ ಮೀನಖಂಡದ ಸ್ನಾಯು ಹಿಂಡಿ ರಕ್ತವನ್ನು ಮೇಲಕ್ಕೆ ಒತ್ತುತ್ತದೆ. ಹೃದಯಕ್ಕೆ ಅದೊಂದು ಊಳಿಗ. ನಿಂತರೆ ಆ ಊಳಿಗದವನು ರಜೆ ಹಾಕುತ್ತಾನೆ. 'ಅಷ್ಟು ದೂರ ನಡೆದು ಬಂದವರಿಗೆ ಸಾಲಿನಲ್ಲಿ ಹತ್ತು ನಿಮಿಷ ನಿಲ್ಲಲಾಗದೆ?' ಎಂದು ಬ್ಯಾಂಕಿನಲ್ಲಿ ಒಬ್ಬರು ಗದರಿದರು. ಅವರಿಗೆ ಮೀನಖಂಡದ ಪುರಾಣವನ್ನು ಹೇಳಲು ಹತ್ತು ನಿಮಿಷ ನಿಲ್ಲಬೇಕಾಗಿತ್ತು. ಈಗ ಮುಳುಗುತ್ತೇನೆ ಎನ್ನಿಸಿದಲ್ಲಿ ಕುಕ್ಕರಗಾಲಿನಲ್ಲಿ ಕುಳಿತುಬಿಡುತ್ತೇನೆ. ಹಳ್ಳಿಯ ಹಿರಿಯರು ಕಟ್ಟೆಯ ಕೆಳಗೆ ಹರಟುವಾಗ ಕೂರುವ ಭಂಗಿ ಅದು; ಕಾಲಿನ ರಕ್ತವನ್ನು ಹಿಂಡಿ ಮೇಲೇರಿಸಲು ಅದಕ್ಕಿಂತ ಸುಲಭದ ಉಪಾಯ ಇನ್ನೊಂದಿಲ್ಲ. ಗಂಜಿ ಹಾಕಿದ ಸೀರೆಯುಟ್ಟ ಉಪನ್ಯಾಸಕಿ ಬಸ್ ನಿಲ್ದಾಣದಲ್ಲಿ ಹಾಗೆ ಕುಳಿತರೆ ವಿದ್ಯಾರ್ಥಿಗಳು ಮೊದಲು ನಕ್ಕರು. ಆಮೇಲೆ ಒಬ್ಬ ಹುಡುಗ ತಾನೂ ಪಕ್ಕದಲ್ಲಿ ಕುಕ್ಕರಿಸಿ ಪದ್ಯದ ಅನುಮಾನ ಕೇಳಿದ.

ತರಗತಿಯಲ್ಲಿ ಕುಳಿತು ಪಾಠ ಹೇಳುವುದಕ್ಕೆ ಒಗ್ಗಿಕೊಳ್ಳುವುದು ಎಲ್ಲಕ್ಕಿಂತ ಕಷ್ಟವಾಯಿತು. ನನ್ನ ಗುರುಗಳು ಯಾರೂ ಕುಳಿತು ಕಾವ್ಯ ಓದಿದವರಲ್ಲ. ಗಮಕಿಗಳು ಕುಳಿತೇ ಅಲ್ಲವೆ ಹಾಡುವುದು ಎಂದು ಸಮಾಧಾನ ಹೇಳಿಕೊಂಡೆ. ಕುಳಿತರೂ ಕೆಲವು ದಿನ ಮೆದುಳಿಗೆ ಮಬ್ಬು ಕವಿಯುತ್ತದೆ. ಒಂದು ಮಧ್ಯಾಹ್ನ 'ಮಳೆಗಾಲ' ಎಂದು ಹಲಗೆಯ ಮೇಲೆ ಬರೆದು, ಬಿಡಿಸಿ, ಇದು ಯಾವ ಸಂಧಿ ಎಂಬ ಶಬ್ದವೇ ನಾಲಗೆಗೆ ಬರಲಿಲ್ಲ. ಇಪ್ಪತ್ತು ವರ್ಷ ಕಲಿಸಿದ ಶಬ್ದ! ತರಗತಿ ಕಾಯಿತು. 'ಆದೇಶ ಸಂಧಿ, ಮೇಡಂ' ಎಂದಳು ಹಿಂದಿನ ಬೆಂಚಿನ ಹುಡುಗಿ, ಮೆಲ್ಲಗೆ, ನಾನೇ ಪ್ರಶ್ನೆ ಕೇಳಿದ್ದೆನೋ ಎಂಬಂತೆ.

ರಾಷ್ಟ್ರಗೀತೆಯ ಅವಧಿ 52 ಸೆಕೆಂಡು. ಅದು ನನ್ನ ಶಕ್ತಿಯೊಳಗೆ ಇದೆ. ನಾಡಗೀತೆಗೆ ಸರ್ಕಾರ 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ ಎರಡೂವರೆ ನಿಮಿಷದ ಅವಧಿಯನ್ನೂ ಗೊತ್ತುಮಾಡಿತು. ಧಾಟಿಯ ವಿವಾದ ಸಂಗೀತಗಾರರಿಗಿರಲಿ, ನನಗೆ ಮುಖ್ಯವಾದದ್ದು ಅವಧಿ. ಎರಡೂವರೆ ನಿಮಿಷವನ್ನು ನಾನು ಕಾಲಿಗೆ ಕಾಲು ಹೆಣೆದು, ತೊಡೆ ಬಿಗಿದು, ಸೆರಗಿನ ಮರೆಯಲ್ಲಿ ಮುಷ್ಟಿ ಹಿಡಿದು ನಿಲ್ಲುತ್ತೇನೆ. ಆದರೆ ಗೀತೆಯ ಬಳಿಕ ಭಾಷಣಗಳಿರುತ್ತವೆ; ಅವಕ್ಕೆ ಯಾರೂ ಅವಧಿ ಗೊತ್ತುಮಾಡಿಲ್ಲ.

ಕಳೆದ ಜುಲೈಯಲ್ಲಿ ಪ್ರಾರ್ಥನೆಯ ಸಾಲಿನಲ್ಲಿ ಪ್ರಥಮ ಪಿಯುಸಿಯ ಒಬ್ಬ ಹುಡುಗಿ ಕುಸಿದಳು. ಅದು ಆ ತಿಂಗಳಲ್ಲಿ ಮೂರನೆಯ ಸಲ. ಬೆಳಗ್ಗೆ ತಿಂಡಿ ತಿನ್ನುವುದಿಲ್ಲ ಎಂದರು ಒಬ್ಬರು; ನಾಟಕ ಎಂದರು ಇನ್ನೊಬ್ಬರು. ಹಾಗೆ ಬೀಳುವ ಮಕ್ಕಳಿಗೆಲ್ಲ ನನ್ನ ರೋಗವೇ ಇದೆಯೆಂದು ನಾನು ಹೇಳಲಾರೆ. ರಕ್ತಹೀನತೆ ನಮ್ಮ ಹೆಣ್ಣುಮಕ್ಕಳಲ್ಲಿ ಬೇಕಾದಷ್ಟಿದೆ, ಹಸಿವೆಯೂ ಇದೆ. ಆದರೆ ಸಿಬ್ಬಂದಿ ಕೊಠಡಿಯ ಬೆಂಚಿನ ಮೇಲೆ ಮಲಗಿದ್ದ ಆ ಮಗು, 'ಮಲಗಿದರೆ ಏನೂ ಇರಲ್ಲ ಮೇಡಂ, ಯಾರೂ ನಂಬಲ್ಲ' ಎಂದಿತು. ನಾನು ಅವಳ ತಂದೆಗೆ ಒಂದು ಚೀಟಿ ಬರೆದುಕೊಟ್ಟೆ: ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿರಿ, ಜೊತೆಗೆ ಮಲಗಿಸಿ ಒಮ್ಮೆ, ನಿಲ್ಲಿಸಿ ಹತ್ತು ನಿಮಿಷ, ನಾಡಿಯನ್ನೂ ಒತ್ತಡವನ್ನೂ ನೋಡುವಂತೆ ವೈದ್ಯರನ್ನು ಕೇಳಿಕೊಳ್ಳಿರಿ, ಈ ವಯಸ್ಸಿನವರಲ್ಲಿ ಬಡಿತ ನಲವತ್ತು ಏರಿದರೆ ಗಮನಿಸಬೇಕಂತೆ. ಅಂದಿನಿಂದ ಪ್ರಾರ್ಥನೆಯ ಅಂಗಳದ ಹಿಂಬದಿಯಲ್ಲಿ, ಬೇವಿನ ಮರದ ಕೆಳಗೆ, ಎರಡು ಕುರ್ಚಿ ಹಾಕಿಸಿದ್ದೇನೆ.