ಸೋತವರ ಸಂಧಿ: ಕೊಲ್ಹಾಪುರ ಕುಗ್ಗಿದ ಬಗೆ

ಕೊಲ್ಹಾಪುರ ಸಂಸ್ಥಾನದ ಉತ್ತರದ ಮೇರೆ ಗಟ್ಟಿಯಾದದ್ದು ಒಂದು ಸೋಲಿನ ಮೇಲೆ. 1730ರಲ್ಲಿ ವಾರಣಾ ನದಿಯ ದಂಡೆಯಲ್ಲಿ ಬೀಡುಬಿಟ್ಟಿದ್ದ ಕೊಲ್ಹಾಪುರದ ಅರಸ ಎರಡನೆಯ ಸಂಭಾಜಿಯ ಸೈನ್ಯವನ್ನು ಸಾತಾರಾದ ಶಾಹು ಮಹಾರಾಜರ ದಂಡು ಚದುರಿಸಿತು, ಸಂಭಾಜಿಯ ಮಲತಾಯಿ ತಾರಾಬಾಯಿ ಸೆರೆಸಿಕ್ಕರು. 1731ರ ಏಪ್ರಿಲ್ 13ರ ವಾರಣಾ ಒಪ್ಪಂದ ನದಿಯ ದಕ್ಷಿಣದ ಸೀಮೆಯನ್ನು ಸಂಭಾಜಿಗೆ ಬಿಟ್ಟಿತು. ರತ್ನಾಗಿರಿ, ಕೊಪ್ಪಳದ ಕೋಟೆಗಳು ಅದಲುಬದಲಾದವು. ಒಬ್ಬರ ಚಾಕರರನ್ನು ಇನ್ನೊಬ್ಬರು ಇಟ್ಟುಕೊಳ್ಳಬಾರದು, ವೈರಿ ಬಂದರೆ ಪರಸ್ಪರ ನೆರವಾಗಬೇಕು ಎಂದಾಯಿತು. ದಾಯಾದಿಗಳ ನಡುವಿನ ಈ ರಾಜಿಯಲ್ಲಿ ಸೋತವನ ಗಾದಿ ಉಳಿಯಿತು. ಉತ್ತರಕ್ಕೆ ಬೆಳೆಯುವ ದಾರಿ ಮಾತ್ರ ಮುಚ್ಚಿತು.

ಬ್ರಿಟಿಷರ ಒಪ್ಪಂದಗಳ ಜಾಡು ಬೇರೆ. ನೆರೆಯವರ ಕಾಟದಿಂದ ಬಳಲಿದ್ದ ಕೊಲ್ಹಾಪುರ 1812ರಲ್ಲಿ ಅವರ ಆಸರೆ ಪಡೆದು ಮಾಲವಣ ಬಂದರನ್ನು ಒಪ್ಪಿಸಿತು. ಚಿಕ್ಕೋಡಿ, ಮುನವಳ್ಳಿಗಳ ಹಕ್ಕನ್ನೂ ಬಿಟ್ಟುಕೊಟ್ಟಿತು. ಪೇಶ್ವೆಯ ವಿರುದ್ಧ ನೆರವಾದದ್ದಕ್ಕೆ ಆ ಎರಡು ಸೀಮೆಗಳು ಮರಳಿ ಸಿಕ್ಕವು. ಮುಂದೆ ಕೊಲ್ಹಾಪುರದ ಅರಸ ಶಹಾಜಿ ಮಹಾರಾಜರು ಸುತ್ತಲಿನವರ ಮೇಲೆ ಏರಿಹೋದಾಗ ಬ್ರಿಟಿಷ್ ಸೈನ್ಯ ಬಂತು. 1827ರ ಕರಾರು ಚಿಕ್ಕೋಡಿ, ಮುನವಳ್ಳಿಗಳನ್ನು ಮತ್ತೆ ಕಿತ್ತುಕೊಂಡು, ಸಂಸ್ಥಾನದ ಸೈನ್ಯವನ್ನು 400 ಕುದುರೆ, 800 ಕಾಲಾಳಿಗೆ ಇಳಿಸಿತು. 1919ರ ವರ್ಸೇಲ್ಸ್ ಒಪ್ಪಂದ ಜರ್ಮನಿಯ ಸೈನ್ಯಕ್ಕೆ 1 ಲಕ್ಷದ ಮಿತಿ ಹಾಕಿದ್ದೂ ಇದೇ ಲೆಕ್ಕಾಚಾರದಿಂದ: ಸೋತವನು ಮತ್ತೆ ತಲೆಯೆತ್ತಬಾರದು.

ಸೈನ್ಯದ ನಂತರ ಕೈತಪ್ಪಿದ್ದು ಆಡಳಿತ. ಅರಸ ಅಪ್ರಾಪ್ತನಾಗಿದ್ದಾಗ ಬ್ರಿಟಿಷರು ನೇಮಿಸಿದ ಕಾರಭಾರಿ ದಾಜಿ ಕೃಷ್ಣ ಪಂಡಿತ, ಕೋಟೆ ಕಾಯುವುದಕ್ಕಾಗಿ ಗಡಕರಿಗಳು ವಂಶಪಾರಂಪರ್ಯವಾಗಿ ಉಣ್ಣುತ್ತಿದ್ದ ಜಮೀನುಗಳನ್ನು ಕಂದಾಯ ಅಧಿಕಾರಿಗಳಾದ ಮಾಮಲೇದಾರರ ಕೈಗೆ ಕೊಟ್ಟರು. 1844ರಲ್ಲಿ ಗಡಹಿಂಗ್ಲಜ ಬಳಿಯ ಸಾಮಾನಗಡ ಮತ್ತು ಭುದರಗಡದ ಗಡಕರಿಗಳು ಕೋಟೆಯ ಬಾಗಿಲು ಹಾಕಿ ದಂಗೆಯೆದ್ದರು. ಅಕ್ಟೋಬರಿನಲ್ಲಿ ಸಾಮಾನಗಡ ಬಿತ್ತು. ಕೋಟೆಗಳನ್ನು ಕೆಡವಲಾಯಿತು, ಗಡಕರಿ ಪದ್ಧತಿ ರದ್ದಾಯಿತು, ದಂಗೆ ಅಡಗಿಸಿದ ಖರ್ಚು ಸಂಸ್ಥಾನದ ತಲೆಗೇ ಬಂತು.

1862ರ ಒಪ್ಪಂದ ಅರಸನಿಗೆ ಅಧಿಕಾರ ಮರಳಿಸಿದರೂ ಮುಖ್ಯ ವಿಷಯಗಳಲ್ಲಿ ಬ್ರಿಟಿಷರ ಸಲಹೆಯನ್ನು ಕಡ್ಡಾಯ ಮಾಡಿತು. ಇಚಲಕರಂಜಿಯಂಥ ದೊಡ್ಡ ಜಹಗೀರುಗಳ ಮೇಲೂ ಅವರ ಉಸ್ತುವಾರಿ ಕುಳಿತಿತು. ತನ್ನ ಜಹಗೀರುದಾರರ ಮೇಲೂ ದರಬಾರಿಗೆ ಪೂರ್ಣ ಹಿಡಿತ ಉಳಿಯಲಿಲ್ಲ.

ಈ ಕರಾರುಗಳ ಫಲ ಸಂಸ್ಥಾನ ಹೋದ ಮೇಲೂ ಉಳಿಯಿತು. ಬ್ರಿಟಿಷರ ಪಾಲಾದ ಚಿಕ್ಕೋಡಿ ಬೆಳಗಾವಿ ಜಿಲ್ಲೆಗೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಕೊಲ್ಹಾಪುರದಲ್ಲೇ ಉಳಿದ ಗಡಹಿಂಗ್ಲಜ, 1949ರಲ್ಲಿ ಸಂಸ್ಥಾನದೊಂದಿಗೆ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1960ರಲ್ಲಿ ಮಹಾರಾಷ್ಟ್ರದ ಪಾಲಾಯಿತು. ಎರಡೂ ಕಡೆ ಕನ್ನಡ ಮಾತಾಡುವ ಊರುಗಳಿದ್ದರೂ ಅವುಗಳ ಜಿಲ್ಲೆಗಳನ್ನು 1827ರ ಕರಾರೇ ಬೇರೆ ಮಾಡಿತ್ತು.